ಕೆಡವಿ ಕಟ್ಟುವ ಧೈರ್ಯಕ್ಕೆ ತೆತ್ತ ಬೆಲೆ

ಅಮೆರಿಕದ ಪಿಕ್ಸಾರ್ ಅನಿಮೇಷನ್ ಸಂಸ್ಥೆ ತನ್ನ 75 ಮಂದಿ ಸಿಬ್ಬಂದಿಯನ್ನು ಕೆಲಸದಿಂದ ಕೈಬಿಟ್ಟ ಸುದ್ದಿ 2023ರ ಜೂನ್ ಆರಂಭದಲ್ಲಿ ಹೊರಬಿತ್ತು. ಹೀಗೆ ಹೊರಹೋದವರಲ್ಲಿ ಗ್ಯಾಲಿನ್ ಸುಸ್ಮನ್ ಎಂಬ ನಿರ್ಮಾಪಕಿಯೂ ಇದ್ದರು. ಅನಿಮೇಷನ್ ಲೋಕದ ಒಳಹೊರಗನ್ನು ಬಲ್ಲವರಿಗೆ ಈ ಹೆಸರು ಅಪರಿಚಿತವಲ್ಲ. 1998ರಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ಸಿದ್ಧವಾಗುತ್ತಿದ್ದಾಗ ಸಂಸ್ಥೆಯ ಕಂಪ್ಯೂಟರ್ ಜಾಲದಲ್ಲಿ ಯಾರೋ ಅಚಾತುರ್ಯದಿಂದ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಶೇ 90ರಷ್ಟು ಕಡತಗಳು ಕಣ್ಣೆದುರೇ ಅಳಿಸಿಹೋದವು. ಆಪತ್ತಿಗಾಗುವಂತೆ ಇಟ್ಟಿದ್ದ ಪ್ರತಿಗಳೂ ಕೈಕೊಟ್ಟವು. ಆಗ ಚಿತ್ರದ ತಾಂತ್ರಿಕ ಮೇಲ್ವಿಚಾರಕಿಯಾಗಿದ್ದ ಸುಸ್ಮನ್, ಎಳೆಯ ಮಗುವಿನ ಆರೈಕೆಗಾಗಿ ಮನೆಯಿಂದ ಕೆಲಸ ಮಾಡುತ್ತಿದ್ದುದರಿಂದ ಚಿತ್ರದ ಒಂದು ಪ್ರತಿ ಅವರ ಮನೆಯ ಕಂಪ್ಯೂಟರಿನಲ್ಲಿ ಉಳಿದಿತ್ತು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ, ಕಾರಿನಲ್ಲಿ ಕಚೇರಿಗೆ ತಂದು ಚಿತ್ರವನ್ನು ಉಳಿಸಿಕೊಳ್ಳಲಾಯಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದರ ಮುಂದಿನ ಭಾಗವೇ ಹೆಚ್ಚು ಅರ್ಥಪೂರ್ಣ. ಅಷ್ಟು ಪ್ರಯಾಸಪಟ್ಟು ಉಳಿಸಿಕೊಂಡ ಆ ಕೆಲಸದ ಬಹುಪಾಲನ್ನು ಕೆಲವೇ ತಿಂಗಳ ನಂತರ ಪಿಕ್ಸಾರ್ ತಾನಾಗಿಯೇ ಕಸದ ಬುಟ್ಟಿಗೆ ಹಾಕಿತು. ಕಥೆ ಸತ್ವಹೀನವಾಗಿದೆ ಎಂದು ಮನಗಂಡು ಇಡೀ ಚಿತ್ರವನ್ನು ಮತ್ತೆ ಮೊದಲಿನಿಂದ ಕಟ್ಟಿತು. ಯಂತ್ರದ ಪ್ರಮಾದದಿಂದ ಹೋದದ್ದನ್ನು ಉಳಿಸಿಕೊಳ್ಳುವುದು ಜಾಣತನ. ಕೈಯಲ್ಲಿರುವುದನ್ನೇ ಚೆನ್ನಾಗಿಲ್ಲವೆಂದು ಬಿಸುಡುವುದು ಬೇರೆಯೇ ಬಗೆಯ ಧೈರ್ಯ. ಪಿಕ್ಸಾರ್ ಜಗತ್ತಿಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ವಿದ್ಯೆಯನ್ನು ಎಂದು ನಾವು ತಿಳಿದಿದ್ದೇವೆ. ಆ ವಿದ್ಯೆ ಇಂದು ಎಲ್ಲರ ಬಳಿಯೂ ಇದೆ. ಎಲ್ಲರ ಬಳಿ ಇಲ್ಲದಿರುವುದು ಕೆಡವಿ ಕಟ್ಟುವ ಅವಕಾಶ. ಆ ಅವಕಾಶ ಪಿಕ್ಸಾರ್‌ಗೆ ಎಲ್ಲಿಂದ ಒದಗಿತು, ಅದರ ಬೆಲೆಯನ್ನು ಯಾರು ತೆತ್ತರು, ಈಗ ಅದು ಎಷ್ಟು ಉಳಿದಿದೆ ಎಂಬ ಪ್ರಶ್ನೆಗಳನ್ನು ಇಟ್ಟುಕೊಂಡು ಈ ಸಂಸ್ಥೆಯ ಚರಿತ್ರೆಯನ್ನು ನೋಡಬೇಕಾಗಿದೆ.

ಕನಸಿಗೆ ಆಶ್ರಯ ಅರಸುತ್ತಾ

ಈ ಕಥೆ ಆರಂಭವಾಗುವುದು ಚಿತ್ರರಂಗದಲ್ಲಿ ಅಲ್ಲ, ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ಬಾಲ್ಯದಲ್ಲಿ ಡಿಸ್ನಿ ಚಿತ್ರಗಳನ್ನು ಕಂಡು ಅನಿಮೇಷನ್ ಕಲಾವಿದನಾಗಬೇಕೆಂದು ಹಂಬಲಿಸಿದ್ದ ಎಡ್ ಕ್ಯಾಟ್ಮಲ್, ತನ್ನ ಕೈಗೆ ಅಷ್ಟು ಚೆನ್ನಾಗಿ ಚಿತ್ರ ಬರೆಯುವ ಶಕ್ತಿಯಿಲ್ಲವೆಂದು ಅರಿತು ಭೌತವಿಜ್ಞಾನ ಮತ್ತು ಕಂಪ್ಯೂಟರ್ ವಿಜ್ಞಾನದತ್ತ ಹೊರಳಿದರು. ಯೂಟಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, 1972ರಲ್ಲಿ, ಸಹಪಾಠಿ ಫ್ರೆಡ್ ಪಾರ್ಕ್ ಅವರೊಡಗೂಡಿ ಒಂದು ಕಿರುಚಿತ್ರ ಮಾಡಿದರು. ಕ್ಯಾಟ್ಮಲ್ ಅವರ ಎಡಗೈಯ ಅಚ್ಚು ತೆಗೆದು, ಅದರ ಮೇಲೆ ಪುಟ್ಟ ಪುಟ್ಟ ಬಹುಭುಜಗಳನ್ನು ಗುರುತಿಸಿ, ಅವುಗಳ ಅಳತೆಯನ್ನು ಕಂಪ್ಯೂಟರಿಗೆ ಉಣಿಸಿ, ಪರದೆಯ ಮೇಲೆ ಆ ಕೈ ಬೆರಳು ಮಡಚಿ ಬಿಚ್ಚುವಂತೆ ಮಾಡಿದ ಚಿತ್ರವದು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಅದು 2011ರಲ್ಲಿ ಸೇರಿತು.

ಕಂಪ್ಯೂಟರಿನಲ್ಲೇ ಒಂದು ಪೂರ್ಣಪ್ರಮಾಣದ ಚಿತ್ರ ತಯಾರಿಸಬೇಕೆಂಬ ಕನಸು ಕ್ಯಾಟ್ಮಲ್ ಅವರಲ್ಲಿ ಮೊಳೆತದ್ದು ಆಗ. ಅದು ನನಸಾಗಲು ಎರಡು ದಶಕಗಳೇ ಬೇಕಾದವು. ಆ ಅವಧಿಯುದ್ದಕ್ಕೂ ಅವರೂ ಸಂಗಡಿಗರೂ ಒಬ್ಬರಲ್ಲ ಒಬ್ಬ ಧನಿಕರ ಆಶ್ರಯದಲ್ಲಿ ಬದುಕಿದರು. ನಮ್ಮ ಹಳೆಯ ಕವಿಗಳು ರಾಜಾಶ್ರಯ ಅರಸಿ ಹೋದ ಹಾಗೆಯೇ ಇದು. ಮೊದಲ ಆಶ್ರಯದಾತ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸ್ಥಾಪಕ ಅಲೆಕ್ಸಾಂಡರ್ ಶ್ಯೂರ್. 1974ರಲ್ಲಿ ಅವರು ಕಂಪ್ಯೂಟರ್ ಗ್ರಾಫಿಕ್ಸ್ ಪ್ರಯೋಗಾಲಯ ತೆರೆದು, ಬೇಕಾದ ಯಂತ್ರಗಳನ್ನೆಲ್ಲ ಕೊಡಿಸಿದರು. ಆಲ್ವಿ ರೇ ಸ್ಮಿತ್ ಕ್ಯಾಟ್ಮಲ್ ಅವರ ಜೊತೆಯಾದದ್ದು ಅಲ್ಲಿ. ಆದರೆ ಅದೇ ಶ್ಯೂರ್ ಸಾಂಪ್ರದಾಯಿಕ ರೀತಿಯಲ್ಲಿ ತಯಾರಿಸಿದ ‘ಟಬ್ಬಿ ದ ಟ್ಯೂಬಾ’ ಎಂಬ ಅನಿಮೇಷನ್ ಚಿತ್ರವನ್ನು ನೋಡಿದಾಗ ಯುವ ವಿಜ್ಞಾನಿಗಳಿಗೆ ಒಂದು ಸತ್ಯ ಹೊಳೆಯಿತು. ಹಣ ಮತ್ತು ಯಂತ್ರಗಳಷ್ಟೇ ಸಾಲವು. ಕಥೆ ಹೇಳಬಲ್ಲವರು ಬೇಕು.

‘ಸ್ಟಾರ್ ವಾರ್ಸ್’ ಖ್ಯಾತಿಯ ಜಾರ್ಜ್ ಲ್ಯೂಕಸ್ ಎರಡನೆಯ ಆಶ್ರಯದಾತ. 1979ರಲ್ಲಿ ಅವರು ಕ್ಯಾಟ್ಮಲ್ ಅವರನ್ನು ಕರೆಸಿಕೊಂಡು ಲ್ಯೂಕಸ್‌ಫಿಲ್ಮ್‌ನ ಕಂಪ್ಯೂಟರ್ ವಿಭಾಗವನ್ನು ವಹಿಸಿದರು. ಬರಡು ಗ್ರಹವೊಂದು ಕ್ಷಣಮಾತ್ರದಲ್ಲಿ ಹಸಿರಾಗುವ, 1982ರ ‘ಸ್ಟಾರ್ ಟ್ರೆಕ್’ ಚಿತ್ರದ ಪ್ರಸಿದ್ಧ ದೃಶ್ಯ ಈ ತಂಡದ ಕೈಚಳಕ. ಕೊರತೆಯಾಗಿದ್ದ ಕಥೆಗಾರನೂ ಇಲ್ಲಿಯೇ ಸಿಕ್ಕಿದ. ಕಂಪ್ಯೂಟರ್ ಅನಿಮೇಷನ್‌ನಲ್ಲಿ ಅತಿಯಾದ ಆಸಕ್ತಿ ತೋರಿದ್ದಕ್ಕೆ ಡಿಸ್ನಿಯಲ್ಲಿ ಕೆಲಸ ಕಳೆದುಕೊಂಡಿದ್ದ ಜಾನ್ ಲ್ಯಾಸೆಟರ್ ಈ ತಂಡವನ್ನು ಸೇರಿದರು. 1984ರಲ್ಲಿ ‘ದಿ ಅಡ್ವೆಂಚರ್ಸ್ ಆಫ್ ಆಂದ್ರೆ ಅಂಡ್ ವಾಲಿ ಬಿ.’ ಎಂಬ ಕಿರುಚಿತ್ರವನ್ನು ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರ ಸಮ್ಮೇಳನದಲ್ಲಿ ಪ್ರದರ್ಶಿಸಿದಾಗ ಅದರ ಕೆಲವು ಭಾಗಗಳು ಇನ್ನೂ ಪೂರ್ಣಗೊಂಡಿರಲಿಲ್ಲ. ಆದರೂ ಪ್ರೇಕ್ಷಕರು ಮೆಚ್ಚಿದರು. ಅಪೂರ್ಣವೆಂಬುದು ಹಲವರ ಗಮನಕ್ಕೇ ಬರಲಿಲ್ಲ. ಪಾತ್ರಗಳು ಮನ ಸೆಳೆದರೆ ಚಿತ್ರದ ತಾಂತ್ರಿಕ ಕೊರತೆಯನ್ನು ಕಣ್ಣು ಕ್ಷಮಿಸುತ್ತದೆ ಎಂಬ ಪಾಠವನ್ನು ಕ್ಯಾಟ್ಮಲ್ ಅಂದು ಕಲಿತರು.

ಮೂರನೆಯ ಆಶ್ರಯದಾತ ಸ್ಟೀವ್ ಜಾಬ್ಸ್. 1985ರಲ್ಲಿ ತಾವೇ ಕಟ್ಟಿದ ಆ್ಯಪಲ್‌ನಿಂದ ಹೊರಬಿದ್ದಿದ್ದ ಅವರು 1986ರ ಫೆಬ್ರುವರಿಯಲ್ಲಿ ಈ ವಿಭಾಗವನ್ನು ಕೊಂಡರು. ಲ್ಯೂಕಸ್ ಅವರಿಗೆ 50 ಲಕ್ಷ ಡಾಲರ್ ಕೊಟ್ಟು, ಬಂಡವಾಳವಾಗಿ ಮತ್ತೆ 50 ಲಕ್ಷ ಹೂಡಿದರು. ಪಿಕ್ಸಾರ್ ಎಂಬ ಸ್ವತಂತ್ರ ಸಂಸ್ಥೆ ಜನಿಸಿದ್ದು ಹೀಗೆ. ಆದರೆ ಜಾಬ್ಸ್ ಕೊಂಡದ್ದು ಚಿತ್ರನಿರ್ಮಾಣ ಸಂಸ್ಥೆಯನ್ನಲ್ಲ, ಕಂಪ್ಯೂಟರ್ ಮಾರುವ ಕಂಪನಿಯನ್ನು. ಆಸ್ಪತ್ರೆಗಳಿಗೆ, ಉಪಗ್ರಹ ಚಿತ್ರಗಳನ್ನು ಪರಿಶೀಲಿಸುವ ಸರ್ಕಾರಿ ಇಲಾಖೆಗಳಿಗೆ ಮಾರಬೇಕೆಂದಿದ್ದ ‘ಪಿಕ್ಸಾರ್ ಇಮೇಜ್ ಕಂಪ್ಯೂಟರ್’ನ ಬೆಲೆ 1 ಲಕ್ಷ ಡಾಲರಿಗೂ ಮಿಗಿಲಾಗಿತ್ತು. ಮಾರಾಟವಾದದ್ದು 300ಕ್ಕೂ ಕಡಿಮೆ. 1990ರಲ್ಲಿ ಯಂತ್ರ ವಿಭಾಗವನ್ನೇ ಮಾರಿಬಿಡಬೇಕಾಯಿತು.

ಆ ನಷ್ಟದ ವರ್ಷಗಳಲ್ಲಿ ಲ್ಯಾಸೆಟರ್ ಅವರ ಪುಟ್ಟ ತಂಡ ಸಂಸ್ಥೆಯ ಯಂತ್ರ ಮತ್ತು ತಂತ್ರಾಂಶದ ಸಾಮರ್ಥ್ಯ ತೋರಿಸುವ ನೆಪದಲ್ಲಿ ಕಿರುಚಿತ್ರಗಳನ್ನು ಮಾಡುತ್ತಿತ್ತು. 1986ರ ‘ಲಕ್ಸೊ ಜೂನಿಯರ್’ನಲ್ಲಿ ಇರುವುದು ಎರಡು ಮೇಜಿನ ದೀಪಗಳು, ಒಂದು ಚೆಂಡು. ಅವಕ್ಕೆ ಮುಖವಿಲ್ಲ, ಮಾತಿಲ್ಲ. ಆದರೂ ಒಂದು ತಂದೆ ಅಥವಾ ತಾಯಿ, ಇನ್ನೊಂದು ತುಂಟ ಮಗು ಎಂಬುದು ನೋಡಿದ ಕ್ಷಣದಲ್ಲೇ ತಿಳಿಯುತ್ತದೆ. 1988ರ ‘ಟಿನ್ ಟಾಯ್’ ಆಸ್ಕರ್ ಗೆದ್ದ ಮೊದಲ ಕಂಪ್ಯೂಟರ್ ಅನಿಮೇಷನ್ ಚಿತ್ರವಾಯಿತು. ಆದರೆ ಪ್ರಶಸ್ತಿಯಿಂದ ಹೊಟ್ಟೆ ತುಂಬುವುದಿಲ್ಲ. ಬಾಯಿ ತೊಳೆಯುವ ದ್ರಾವಣಕ್ಕೆ, ಕಿತ್ತಳೆ ರಸಕ್ಕೆ ದೂರದರ್ಶನದ ಜಾಹೀರಾತು ಮಾಡಿ ಸಂಸ್ಥೆ ಜೀವ ಹಿಡಿದುಕೊಂಡಿತು. ಈ ಮಧ್ಯೆ ಪಿಕ್ಸಾರನ್ನು ಮಾರಲು ಜಾಬ್ಸ್ ಹಲವು ಸಲ ಯತ್ನಿಸಿದ್ದೂ ಉಂಟು. ಕೊನೆಗೂ ಕೈಬಿಡಲಿಲ್ಲ. ತಮ್ಮ ಸ್ವಂತ ಸಂಪತ್ತಿನಿಂದ ಅವರು ಇದರಲ್ಲಿ ಸುರಿದ ಹಣ ಸುಮಾರು 5 ಕೋಟಿ ಡಾಲರ್. ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಯಾವ ಕಂಪನಿಯೂ ಹೀಗೆ ವರ್ಷಗಟ್ಟಲೆ ನಷ್ಟ ಸಹಿಸುತ್ತಿರಲಿಲ್ಲ.

ಗೊಂಬೆಗಳ ಮೊದಲ ಸೋಲು

1991ರಲ್ಲಿ ಡಿಸ್ನಿಯೊಂದಿಗೆ ಮೂರು ಚಿತ್ರಗಳ ಒಪ್ಪಂದವಾಯಿತು. ಮೊದಲ ಚಿತ್ರಕ್ಕೆ ಗೊಂಬೆಗಳನ್ನು ಆರಿಸಿಕೊಂಡದ್ದರಲ್ಲಿ ಕಲೆಯಷ್ಟೇ ಉಪಾಯವೂ ಇತ್ತು. ಅಂದಿನ ಕಂಪ್ಯೂಟರ್ ಬರೆದದ್ದೆಲ್ಲ ಪ್ಲಾಸ್ಟಿಕ್‌ನಂತೆ ಕಾಣುತ್ತಿತ್ತು. ಮನುಷ್ಯರ ಚರ್ಮ, ಕೂದಲು, ಬಟ್ಟೆಯ ಮಡಿಕೆ ಅದರ ಕೈಗೆ ಎಟುಕುತ್ತಿರಲಿಲ್ಲ. ಹಾಗಾದರೆ ಪ್ಲಾಸ್ಟಿಕ್ಕೇ ಕಥಾನಾಯಕನಾಗಲಿ! ತಮ್ಮ ಮಿತಿಯನ್ನೇ ವಸ್ತುವಾಗಿಸಿಕೊಂಡ ಈ ವಿವೇಕ ದೊಡ್ಡದು.

ಡಿಸ್ನಿಯ ಚಿತ್ರನಿರ್ಮಾಣ ವಿಭಾಗದ ಅಂದಿನ ಮುಖ್ಯಸ್ಥ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಚಿತ್ರಕ್ಕೆ ಹೆಚ್ಚು ಖಾರ ಬೇಕೆಂದು ಒತ್ತಾಯಿಸುತ್ತಾ ಹೋದರು. ಸಲಹೆಗಳಿಗೆ ತಲೆಬಾಗುತ್ತಾ ಹೋದಂತೆ ಕಥಾನಾಯಕ ವುಡಿ ಎಂಬ ಗೊಂಬೆ ಕುಹಕಿಯೂ ಕ್ರೂರಿಯೂ ಆಯಿತು. ಹೊಸ ಗೊಂಬೆ ಬಝ್‌ನನ್ನು ಬೇಕೆಂದೇ ಕಿಟಕಿಯಿಂದ ಹೊರದಬ್ಬುವ ಮಟ್ಟಕ್ಕೆ ಇಳಿಯಿತು. 1993ರ ನವೆಂಬರ್ 19ರ ಶುಕ್ರವಾರ ಕಥಾಚಿತ್ರಗಳ ಸುರುಳಿಯನ್ನು ನೋಡಿದ ಡಿಸ್ನಿ ನಿರ್ಮಾಣವನ್ನೇ ತಡೆಹಿಡಿಯಿತು. ಪಿಕ್ಸಾರ್ ಬಳಗದಲ್ಲಿ ಆ ದಿನಕ್ಕೆ ‘ಕಪ್ಪು ಶುಕ್ರವಾರ’ ಎಂಬ ಹೆಸರೇ ಉಳಿದುಬಿಟ್ಟಿತು. ಲ್ಯಾಸೆಟರ್, ಆ್ಯಂಡ್ರೂ ಸ್ಟ್ಯಾಂಟನ್, ಪೀಟ್ ಡಾಕ್ಟರ್, ಜೋ ರ‍್ಯಾಂಫ್ಟ್ ಮೊದಲಾದವರು ಹಗಲಿರುಳು ಕೂತು ಕೆಲವೇ ತಿಂಗಳಲ್ಲಿ ಕಥೆಯನ್ನು ಹೊಸದಾಗಿ ಬರೆದರು. ಈ ಸಲ ಪರರ ಮೆಚ್ಚುಗೆಗಾಗಿ ಅಲ್ಲ, ತಮಗೆ ಒಪ್ಪುವಂತೆ. ಮಗುವಿನ ಪ್ರೀತಿ ಇನ್ನೊಬ್ಬರ ಪಾಲಾಗುವುದೆಂಬ ಭಯದಿಂದ ತಪ್ಪುಮಾಡುವ ವುಡಿ ಹುಟ್ಟಿದ್ದು ಆಗ. ಮೊದಲ ವುಡಿಯನ್ನು ಯಾರೂ ಪ್ರೀತಿಸುತ್ತಿರಲಿಲ್ಲ. ಈ ಎರಡನೆಯವನಲ್ಲಿ ನಾವು ನಮ್ಮನ್ನೇ ಕಾಣುತ್ತೇವೆ.

1995ರ ನವೆಂಬರ್ 22ರಂದು ‘ಟಾಯ್ ಸ್ಟೋರಿ’ ತೆರೆಕಂಡಿತು. ಸಂಪೂರ್ಣವಾಗಿ ಕಂಪ್ಯೂಟರಿನಲ್ಲೇ ರೂಪುಗೊಂಡ ಜಗತ್ತಿನ ಮೊದಲ ಪೂರ್ಣಪ್ರಮಾಣದ ಚಿತ್ರವದು. ಅದರ ಹಿಂದಿನ ಶ್ರಮವನ್ನು ಅರಿಯಲು ಒಂದು ಲೆಕ್ಕ ಸಾಕು. ಪರದೆಯ ಮೇಲೆ ಪ್ರತಿ ಸೆಕೆಂಡಿಗೆ 24 ಚಿತ್ರಗಳು ಹಾಯುತ್ತವೆ. ಪ್ರತಿ ಚಿತ್ರದಲ್ಲಿ ಬೆಳಕು ಎಲ್ಲಿಂದ ಬೀಳುತ್ತದೆ, ನೆರಳು ಎಲ್ಲಿ ಚಾಚುತ್ತದೆ, ಯಾವ ಮೇಲ್ಮೈ ಎಷ್ಟು ಹೊಳೆಯುತ್ತದೆ ಎಂಬುದನ್ನೆಲ್ಲ ಕಂಪ್ಯೂಟರ್ ಎಣಿಸಿ ಬಣ್ಣ ತುಂಬಬೇಕು. ಇದಕ್ಕೆ ರೆಂಡರಿಂಗ್ ಎಂದು ಹೆಸರು. ‘ಟಾಯ್ ಸ್ಟೋರಿ’ಯ 1,14,240 ಚಿತ್ರಗಳಿಗೆ ಹಿಡಿದದ್ದು ಸುಮಾರು 8 ಲಕ್ಷ ಯಂತ್ರಗಂಟೆಗಳು. ಒಂದೇ ಯಂತ್ರ ಬಿಡುವಿಲ್ಲದೆ ದುಡಿದಿದ್ದರೆ 91 ವರ್ಷ ಬೇಕಾಗುತ್ತಿತ್ತು. ಸಾಲಾಗಿ ಜೋಡಿಸಿದ್ದ 117 ಯಂತ್ರಗಳು ಆ ಭಾರ ಹೊತ್ತವು. ಸುಮಾರು 3 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 35 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ವಾರದ ನಂತರ ಪಿಕ್ಸಾರ್ ಷೇರು ಮಾರುಕಟ್ಟೆಗೆ ಬಂದಾಗ 22 ಡಾಲರಿಗೆ ವಿತರಿಸಿದ ಷೇರು ಮೊದಲ ದಿನವೇ 39ಕ್ಕೆ ಮುಟ್ಟಿತು. ಹತ್ತು ವರ್ಷ ನಷ್ಟ ಹೊತ್ತಿದ್ದ ಜಾಬ್ಸ್ ಒಂದೇ ದಿನದಲ್ಲಿ ಶತಕೋಟ್ಯಧಿಪತಿಯಾದರು.

ಒಂಬತ್ತು ತಿಂಗಳ ಪಾಠ

ಇನ್ನು ‘ಟಾಯ್ ಸ್ಟೋರಿ 2’ರ ವಿಷಯಕ್ಕೆ ಬರೋಣ. ನೇರವಾಗಿ ವಿಡಿಯೊ ಕ್ಯಾಸೆಟ್ ರೂಪದಲ್ಲಿ ಬಿಡುಗಡೆ ಮಾಡಲೆಂದು ಎರಡನೆಯ ದರ್ಜೆಯ ತಂಡವೊಂದು ಆರಂಭಿಸಿದ್ದ ಚಿತ್ರವದು. ನಡುವೆ ಚಿತ್ರಮಂದಿರಗಳಲ್ಲೇ ಬಿಡುಗಡೆ ಎಂದು ತೀರ್ಮಾನವಾಯಿತು. 1998ರಲ್ಲಿ ‘ಎ ಬಗ್ಸ್ ಲೈಫ್’ ಮುಗಿಸಿ ಬಂದ ಲ್ಯಾಸೆಟರ್ ಮತ್ತು ಸಂಗಡಿಗರು ಅದನ್ನು ನೋಡಿ ಕಂಗಾಲಾದರು. ಬಿಡುಗಡೆಯ ದಿನಾಂಕ ಬದಲಾಗುವಂತಿರಲಿಲ್ಲ. ಇದ್ದುದನ್ನೇ ಸುಧಾರಿಸಿ ಬಿಟ್ಟುಬಿಡಬಹುದಿತ್ತು. ಡಿಸ್ನಿಯ ಆಕ್ಷೇಪವೂ ಇರಲಿಲ್ಲ. ಪಿಕ್ಸಾರ್ ಹಾಗೆ ಮಾಡದೆ ಚಿತ್ರವನ್ನು ಒಂಬತ್ತು ತಿಂಗಳಲ್ಲಿ ಮತ್ತೆ ಕಟ್ಟಿತು. 1999ರ ನವೆಂಬರ್‌ನಲ್ಲಿ ಬಿಡುಗಡೆಯಾದ ಚಿತ್ರ ಮೊದಲನೆಯದನ್ನು ಮೀರಿಸಿತೆಂದು ವಿಮರ್ಶಕರು ಹೊಗಳಿದರು. ಒಡತಿ ಬೆಳೆದು ದೊಡ್ಡವಳಾದ ಮೇಲೆ ರಸ್ತೆ ಬದಿಯ ಪೆಟ್ಟಿಗೆಯಲ್ಲಿ ಉಳಿದುಬಿಡುವ ಜೆಸ್ಸಿ ಎಂಬ ಗೊಂಬೆಯ ಅಳಲಿಗೆ ಮಕ್ಕಳಿಗಿಂತ ಹಿರಿಯರೇ ಹೆಚ್ಚು ಕಣ್ಣು ಒದ್ದೆ ಮಾಡಿಕೊಂಡರು.

ಆದರೆ ಈ ಗೆಲುವಿನ ಇನ್ನೊಂದು ಮುಖವನ್ನು ಕ್ಯಾಟ್ಮಲ್ ಅವರೇ 2014ರಲ್ಲಿ ಬಂದ ತಮ್ಮ ‘ಕ್ರಿಯೇಟಿವಿಟಿ, ಇಂಕ್.’ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ವಾರದ ಏಳೂ ದಿನ ಯಂತ್ರದ ಮುಂದೆ ಕೂತು ದುಡಿದ ಸಿಬ್ಬಂದಿಯಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಕೈ, ಮಣಿಕಟ್ಟುಗಳ ನೋವಿಗೆ ತುತ್ತಾದರು. ಒಬ್ಬ ತಂದೆ ಬೆಳಿಗ್ಗೆ ಮಗುವನ್ನು ಶಿಶುವಿಹಾರಕ್ಕೆ ಬಿಡುವುದನ್ನು ಮರೆತು, ಕಾರಿನಲ್ಲೇ ಬಿಟ್ಟು ಕೆಲಸಕ್ಕೆ ಬಂದುಬಿಟ್ಟರು. ಬಿಸಿಲಿಗೆ ಮಗು ಪ್ರಜ್ಞೆ ತಪ್ಪಿತ್ತು. ಸಕಾಲದಲ್ಲಿ ನೆನಪಾಗಿ ಮಗು ಬದುಕಿತು ಎಂಬುದೊಂದೇ ಸಮಾಧಾನ. ಇನ್ನೆಂದೂ ಸಿಬ್ಬಂದಿಯನ್ನು ಈ ಪರಿ ದುಡಿಸಬಾರದೆಂದು ಆಡಳಿತ ನಿಶ್ಚಯಿಸಿತು. ಕೆಡವಿ ಕಟ್ಟುವ ಧೈರ್ಯವನ್ನು ಕೊಂಡಾಡುವ ನಾವು, ಕೆಡವುವ ತೀರ್ಮಾನ ಕೈಗೊಳ್ಳುವವರು ಕೆಲವರು, ಕಟ್ಟುವವರು ನೂರಾರು ಮಂದಿ ಎಂಬುದನ್ನು ಮರೆಯುವಂತಿಲ್ಲ.

ಅಲ್ಲಿಂದ ಮುಂದೆ ಈ ಪದ್ಧತಿಗೆ ಒಂದು ಕ್ರಮ ಬಂತು. ಚಿತ್ರವೊಂದು ಸಿದ್ಧವಾಗುವ ಅವಧಿಯಲ್ಲಿ ಕೆಲವು ತಿಂಗಳಿಗೊಮ್ಮೆ ಅದರ ಕರಡು ರೂಪವನ್ನು ಸಹ ನಿರ್ದೇಶಕರು, ಬರಹಗಾರರು ನೋಡುತ್ತಾರೆ. ‘ಬ್ರೇನ್ ಟ್ರಸ್ಟ್’ ಎಂದು ಕರೆಯುವ ಈ ಕೂಟದಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಆದರೆ ಅದಕ್ಕೆ ಅಧಿಕಾರವೂ ಇಲ್ಲ. ಎಲ್ಲಿ ಎಡವಿದೆ ಎಂದು ಹೇಳಬಹುದು, ಹೀಗೇ ತಿದ್ದು ಎಂದು ಆಜ್ಞಾಪಿಸುವಂತಿಲ್ಲ. ಪರಿಹಾರ ಹುಡುಕುವ ಹೊಣೆ ನಿರ್ದೇಶಕನದು. ತಮ್ಮ ಎಲ್ಲ ಚಿತ್ರಗಳೂ ಆರಂಭದಲ್ಲಿ ಕೆಟ್ಟದಾಗಿಯೇ ಇರುತ್ತವೆ ಎಂದು ಕ್ಯಾಟ್ಮಲ್ ಬರೆದಿರುವುದು ವಿನಯದ ಮಾತಲ್ಲ, ಕಾರ್ಯವಿಧಾನದ ವಿವರಣೆ.

ಸುವರ್ಣಯುಗ ಮತ್ತು ಅದರ ನೆರಳು

ಇದರ ಫಲವನ್ನು ಜಗತ್ತು ಒಂದು ದಶಕ ಕಾಲ ಉಂಡಿತು. ‘ಮಾನ್‌ಸ್ಟರ್ಸ್, ಇಂಕ್.’ನಲ್ಲಿ (2001) ಸಲ್ಲಿ ಎಂಬ ರಾಕ್ಷಸನ ಮೈಮೇಲಿನ 23 ಲಕ್ಷ ಕೂದಲುಗಳು ಗಾಳಿಗೆ ಒಂದೊಂದಾಗಿ ಅಲುಗಿದವು. ‘ಫೈಂಡಿಂಗ್ ನೀಮೊ’ (2003) ಕಡಲಿನ ನೀರನ್ನೂ ಅದರೊಳಗಿನ ಬೆಳಕನ್ನೂ ಪರದೆಗೆ ತಂದಿತು. ಬ್ರಾಡ್ ಬರ್ಡ್ ಅವರ ‘ದಿ ಇನ್‌ಕ್ರೆಡಿಬಲ್ಸ್’ (2004) ಮನುಷ್ಯರನ್ನೇ ಪಾತ್ರಗಳಾಗಿಸಿತು. ‘ರ‍್ಯಾಟಟೂಯಿ’ಯಲ್ಲಿ (2007) ಇಲಿಯೊಂದು ಪ್ಯಾರಿಸ್ಸಿನ ಬಾಣಸಿಗನಾಯಿತು. ‘ವಾಲ್-ಇ’ಯ (2008) ಮೊದಲ ಭಾಗದಲ್ಲಿ ಹೆಚ್ಚುಕಡಿಮೆ ಮಾತೇ ಇಲ್ಲ; ಕಸದ ರಾಶಿಯಾದ ಭೂಮಿಯಲ್ಲಿ ಒಂಟಿ ಯಂತ್ರವೊಂದು ದುಡಿಯುತ್ತದೆ. ಹೆಂಡತಿಯನ್ನು ಕಳೆದುಕೊಂಡ ಮುದುಕನ ಕಥೆ ಹೇಳುವ ‘ಅಪ್’ (2009), ಕಾನ್ ಚಿತ್ರೋತ್ಸವವನ್ನು ಉದ್ಘಾಟಿಸಿದ ಮೊದಲ ಅನಿಮೇಷನ್ ಚಿತ್ರ. ಇಲಿ, ಕಸ ಆಯುವ ಯಂತ್ರ, ಮುದುಕ: ವ್ಯಾಪಾರ ಬಲ್ಲ ಯಾರೂ ಇವನ್ನು ಮಕ್ಕಳ ಚಿತ್ರಕ್ಕೆ ಆರಿಸಿಕೊಳ್ಳುತ್ತಿರಲಿಲ್ಲ.

ಈ ಸುವರ್ಣಯುಗಕ್ಕೂ ನೆರಳಿತ್ತು. ಕೆಡವಿ ಕಟ್ಟುವಾಗ ಕೆಲವೊಮ್ಮೆ ಕಥೆಯೊಂದಿಗೆ ಕಥೆಗಾರನೂ ಹೊರಬೀಳುತ್ತಾನೆ. ‘ರ‍್ಯಾಟಟೂಯಿ’ಯ ಕಲ್ಪನೆ ಯಾನ್ ಪಿಂಕಾವಾ ಅವರದು, 1997ರ ‘ಗೆರಿಸ್ ಗೇಮ್’ ಕಿರುಚಿತ್ರಕ್ಕೆ ಆಸ್ಕರ್ ಗೆದ್ದಿದ್ದ ಅವರ ಕೈಯಿಂದ ಚಿತ್ರ ಬ್ರಾಡ್ ಬರ್ಡ್ ಅವರಿಗೆ ಹೋಯಿತು. ತಾಯಿ ಮಗಳ ಸಂಬಂಧದ ‘ಬ್ರೇವ್’ (2012) ಚಿತ್ರವನ್ನು ಕಲ್ಪಿಸಿದ ಬ್ರೆಂಡಾ ಚಾಪ್‌ಮನ್ ಪಿಕ್ಸಾರ್‌ನ ಮೊದಲ ಮಹಿಳಾ ನಿರ್ದೇಶಕಿ. ಅವರನ್ನೂ ನಡುವೆಯೇ ಬದಲಿಸಲಾಯಿತು. ಚಿತ್ರ ಆಸ್ಕರ್ ಪಡೆದಾಗ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಚಿತ್ರ ಮಾತ್ರ ಕೈತಪ್ಪಿತ್ತು. ಮಹಿಳೆಯೊಬ್ಬರು ಪೂರ್ಣವಾಗಿ ತಾವೇ ನಿರ್ದೇಶಿಸಿದ ಪಿಕ್ಸಾರ್ ಚಿತ್ರಕ್ಕಾಗಿ 2022ರ ‘ಟರ್ನಿಂಗ್ ರೆಡ್’ವರೆಗೆ ಕಾಯಬೇಕಾಯಿತು. ಅದರ ನಿರ್ದೇಶಕಿ ಡೋಮಿ ಶಿ.

ಇನ್ನೂ ಗಾಢವಾದ ಕಲೆಯೆಂದರೆ ಸಂಬಳದ ವಿಚಾರ. ಪರಸ್ಪರರ ನೌಕರರನ್ನು ಸೆಳೆಯಬಾರದೆಂಬ ಗುಟ್ಟಿನ ಒಪ್ಪಂದಗಳ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಆ್ಯಪಲ್, ಗೂಗಲ್‌ಗಳ ಜೊತೆ ಪಿಕ್ಸಾರ್‌ನ ಹೆಸರೂ ಇತ್ತು. ಇಂಥ ಒಪ್ಪಂದದಿಂದ ನೌಕರನಿಗೆ ಹೆಚ್ಚಿನ ಸಂಬಳ ಕೇಳುವ ದಾರಿಯೇ ಮುಚ್ಚಿಹೋಗುತ್ತದೆ. ಅನಿಮೇಷನ್ ಕಲಾವಿದರು ಹೂಡಿದ ಪ್ರತ್ಯೇಕ ದಾವೆಯಲ್ಲಿ ಡಿಸ್ನಿ, ಪಿಕ್ಸಾರ್ ಮತ್ತು ಲ್ಯೂಕಸ್‌ಫಿಲ್ಮ್ ಸೇರಿ 10 ಕೋಟಿ ಡಾಲರ್ ಕೊಟ್ಟು 2017ರಲ್ಲಿ ರಾಜಿ ಮಾಡಿಕೊಂಡವು. ಅದೇ ವರ್ಷದ ನವೆಂಬರಿನಲ್ಲಿ, ಸಿಬ್ಬಂದಿಯೊಡನೆ ಅನುಚಿತವಾಗಿ ವರ್ತಿಸಿದ ದೂರುಗಳ ನಡುವೆ ಲ್ಯಾಸೆಟರ್ ಕ್ಷಮೆ ಕೋರಿ ರಜೆಯ ಮೇಲೆ ತೆರಳಿದರು. 2018ರ ಕೊನೆಗೆ ಸಂಸ್ಥೆಯನ್ನೇ ತೊರೆದರು. ಸೃಜನಶೀಲ ನೇತೃತ್ವ ಪೀಟ್ ಡಾಕ್ಟರ್ ಅವರ ಪಾಲಿಗೆ ಬಂತು.

ಡಿಸ್ನಿಯ ಮಡಿಲಲ್ಲಿ

ಈ ನಡುವೆ ಒಡೆತನ ಬದಲಾಗಿತ್ತು. ಡಿಸ್ನಿಯ ಮೈಕೆಲ್ ಐಸ್ನರ್ ಅವರೊಂದಿಗೆ ಜಾಬ್ಸ್ ಅವರ ಮನಸ್ತಾಪ ಎಷ್ಟು ಬೆಳೆದಿತ್ತೆಂದರೆ, ಪಿಕ್ಸಾರ್‌ನ ನೆರವಿಲ್ಲದೆ ‘ಟಾಯ್ ಸ್ಟೋರಿ 3’ ತಯಾರಿಸಲು ಡಿಸ್ನಿ ಬೇರೆಯೇ ಘಟಕ ತೆರೆದಿತ್ತು. 2005ರಲ್ಲಿ ಬಾಬ್ ಐಗರ್ ಅಧಿಕಾರ ವಹಿಸಿಕೊಂಡ ಮೇಲೆ ವಾತಾವರಣ ತಿಳಿಯಾಯಿತು. ಹಾಂಗ್‌ಕಾಂಗ್‌ನ ಡಿಸ್ನಿಲ್ಯಾಂಡ್ ಉದ್ಘಾಟನೆಯ ಮೆರವಣಿಗೆ ನೋಡುತ್ತಿದ್ದಾಗ, ಹಿಂದಿನ ಹತ್ತು ವರ್ಷಗಳಲ್ಲಿ ಹುಟ್ಟಿದ ಜನಪ್ರಿಯ ಪಾತ್ರಗಳೆಲ್ಲ ಪಿಕ್ಸಾರ್‌ನವೇ ಎಂಬುದು ತಮಗೆ ಹೊಳೆಯಿತೆಂದು ಐಗರ್ ಹೇಳಿಕೊಂಡಿದ್ದಾರೆ. 2006ರ ಜನವರಿಯಲ್ಲಿ 740 ಕೋಟಿ ಡಾಲರ್ ಮೌಲ್ಯದ ಷೇರುಗಳ ವಿನಿಮಯದಲ್ಲಿ ಡಿಸ್ನಿ ಪಿಕ್ಸಾರನ್ನು ಕೊಂಡಿತು. 1986ರಲ್ಲಿ ಜಾಬ್ಸ್ 1 ಕೋಟಿ ಡಾಲರ್ ತೊಡಗಿಸಿ ಆರಂಭಿಸಿದ ಸಂಸ್ಥೆಗೆ ಇಪ್ಪತ್ತು ವರ್ಷಗಳಲ್ಲಿ ಬಂದ ಬೆಲೆಯಿದು.

ಪಿಕ್ಸಾರ್‌ನ ಸ್ವಾಯತ್ತತೆಗೆ ಧಕ್ಕೆ ತರುವುದಿಲ್ಲವೆಂಬ ಭರವಸೆಯನ್ನು ಡಿಸ್ನಿ ಬಹುಮಟ್ಟಿಗೆ ಪಾಲಿಸಿತು ಎನ್ನಬೇಕು. ‘ಇನ್‌ಸೈಡ್ ಔಟ್’ (2015), ‘ಕೊಕೊ’ (2017) ಮುಂತಾದವು ಆ ನಂತರವೇ ಬಂದವು. ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಕ್ಕೆ ಸಲ್ಲುವ ಆಸ್ಕರ್‌ ಪಿಕ್ಸಾರ್‌ಗೆ ಬಂದದ್ದು 11 ಸಲ. ಆದರೂ ಅಂಕಿಗಳು ಒಂದು ಮಾತು ಹೇಳುತ್ತವೆ. 1995ರಿಂದ 2009ರವರೆಗಿನ ಮೊದಲ 10 ಚಿತ್ರಗಳಲ್ಲಿ ಹಳೆಯ ಕಥೆಯ ಮುಂದುವರಿಕೆ ಒಂದೇ ಒಂದು. 2010ರಿಂದ 2019ರವರೆಗಿನ 11 ಚಿತ್ರಗಳಲ್ಲಿ ಇಂಥವು 7. ಹೊಸ ಕಥೆಗಳು ನಾಲ್ಕೇ. ಮುಂದುವರಿಕೆಗಳೆಲ್ಲ ಕಳಪೆ ಎಂದು ಇದರ ಅರ್ಥವಲ್ಲ. ‘ಟಾಯ್ ಸ್ಟೋರಿ 3’ (2010) ಉತ್ತಮ ಕೃತಿಯೇ. ಆದರೆ ಪರಿಚಿತ ಪಾತ್ರಕ್ಕೆ ಪ್ರೇಕ್ಷಕ ಬಂದೇ ಬರುತ್ತಾನೆ ಎಂಬ ಭರವಸೆ ಇರುವಲ್ಲಿ, ಕೆಡವಿ ಕಟ್ಟಬೇಕಾದ ಅಗತ್ಯವೂ ಕಡಿಮೆಯಾಗುತ್ತದೆ.

ಈ ಮಾತಿಗೆ ಅಪವಾದದಂತೆ ಕಿರುಚಿತ್ರಗಳ ಪರಂಪರೆ ಉಳಿದುಬಂತು. ಹೊಸಬರಿಗೆ ಅದೇ ಗರಡಿಮನೆ. ಭಾರತ ಮೂಲದ ಸಂಜಯ್ ಪಟೇಲ್ 2015ರಲ್ಲಿ ನಿರ್ದೇಶಿಸಿದ ‘ಸಂಜಯ್ಸ್ ಸೂಪರ್ ಟೀಮ್’ ಇಂಥದೊಂದು. ಟಿ.ವಿ.ಯ ಸಾಹಸವೀರರಲ್ಲಿ ಮುಳುಗಿದ ಬಾಲಕ, ಪಕ್ಕದಲ್ಲೇ ಪೂಜೆಗೆ ಕೂತ ತಂದೆ. ಬಾಲಕನ ಕಲ್ಪನೆಯಲ್ಲಿ ವಿಷ್ಣು, ದುರ್ಗೆ, ಹನುಮಂತರೇ ಸಾಹಸವೀರರಾಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಪಟೇಲರ ಬಾಲ್ಯದ ಕಥೆಯೇ ಇದು. ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆಯಿತು. ಡೋಮಿ ಶಿ ಅವರೂ ಇದೇ ಗರಡಿಯಿಂದ ಬಂದವರು. 2018ರ ‘ಬಾವ್’ ಕಿರುಚಿತ್ರ ಅವರಿಗೆ ಆಸ್ಕರ್ ತಂದಿತ್ತು.

ಕೊರೊನಾ ಸಾಂಕ್ರಾಮಿಕ ಬಂದಾಗ ಲೆಕ್ಕಾಚಾರ ಮತ್ತೆ ತಲೆಕೆಳಗಾಯಿತು. ‘ಸೋಲ್’ (2020), ‘ಲೂಕಾ’ (2021), ‘ಟರ್ನಿಂಗ್ ರೆಡ್’ (2022), ಈ ಮೂರು ಹೊಸ ಕಥೆಗಳನ್ನೂ ಡಿಸ್ನಿ ಅಮೆರಿಕದಲ್ಲಿ ಚಿತ್ರಮಂದಿರಗಳಿಗೆ ಕೊಡದೆ ತನ್ನ ಅಂತರ್ಜಾಲ ಪ್ರಸಾರ ಸೇವೆಗೆ ಕೊಟ್ಟಿತು. ಪಿಕ್ಸಾರ್ ಚಿತ್ರವೆಂದರೆ ಮನೆಯಲ್ಲೇ ಕೂತು ನೋಡುವಂಥದು ಎಂಬ ಅಭ್ಯಾಸ ಪ್ರೇಕ್ಷಕರಿಗೆ ಆದದ್ದು ಹೀಗೆ. ನಂತರ ಚಿತ್ರಮಂದಿರಕ್ಕೆ ಬಂದ ‘ಲೈಟ್‌ಇಯರ್’ (2022) ಸೋತಿತು. ಅದರ ನಿರ್ಮಾಪಕಿ ಸುಸ್ಮನ್ ಮತ್ತು ನಿರ್ದೇಶಕ ಆ್ಯಂಗಸ್ ಮ್ಯಾಕ್ಲೇನ್ ಮರುವರ್ಷ ಮನೆಗೆ ಹೋದರು. 2024ರ ಮೇ ತಿಂಗಳಲ್ಲಿ ಮತ್ತೆ ಶೇ 14ರಷ್ಟು, ಅಂದರೆ ಸುಮಾರು 175 ಮಂದಿಯನ್ನು ಕೈಬಿಡಲಾಯಿತು. ಮರು ತಿಂಗಳೇ ಬಂದ ‘ಇನ್‌ಸೈಡ್ ಔಟ್ 2’ 169 ಕೋಟಿ ಡಾಲರ್ ಬಾಚಿ, ಪಿಕ್ಸಾರ್ ಚರಿತ್ರೆಯಲ್ಲೇ ಅತಿ ಹೆಚ್ಚು ಗಳಿಸಿದ ಚಿತ್ರವಾಯಿತು. ಅದನ್ನು ಕಟ್ಟಿದವರಲ್ಲಿ ಕೆಲವರು ಆ ವೇಳೆಗೆ ಹೊರಗಿದ್ದರು.

ಈ ಅವಧಿಯ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಉಚಿತ. 2023ರ ‘ಎಲಿಮೆಂಟಲ್’ ಹೊಸ ಕಥೆ. ವಲಸೆ ಬಂದ ಕುಟುಂಬದ ಮಗಳ ಸಂಕಟವನ್ನು ಬೆಂಕಿ ನೀರುಗಳ ರೂಪಕದಲ್ಲಿ ಹೇಳಿದ್ದು. ಅಮೆರಿಕದಲ್ಲಿ ಮೊದಲ ವಾರಾಂತ್ಯದ ಗಳಿಕೆ 3 ಕೋಟಿ ಡಾಲರನ್ನೂ ಮುಟ್ಟಲಿಲ್ಲ. ಪತ್ರಿಕೆಗಳು ಅದರ ಶ್ರಾದ್ಧವನ್ನೂ ಮಾಡಿ ಮುಗಿಸಿದವು. ಆದರೆ ನೋಡಿದವರು ಇತರರಿಗೆ ಹೇಳಿದರು. ವಾರಗಳು ಉರುಳಿದಂತೆ ಚಿತ್ರ ಚೇತರಿಸಿಕೊಂಡು ಜಗತ್ತಿನಾದ್ಯಂತ 49 ಕೋಟಿ ಡಾಲರ್ ದಾಟಿತು. 2025ರ ‘ಎಲಿಯೊ’ ಕೂಡ ಹೊಸ ಕಥೆಯೇ. ನಿರ್ಮಾಣದ ನಡುವೆ ಅದರ ನಿರ್ದೇಶಕರು ಬದಲಾದರು, ಕಥೆಯೂ ಬದಲಾಯಿತು. ಕೊನೆಗೆ ಅದರ ಮೊದಲ ವಾರಾಂತ್ಯದ ಗಳಿಕೆ ಪಿಕ್ಸಾರ್ ಚರಿತ್ರೆಯಲ್ಲೇ ಕನಿಷ್ಠ. ಕೆಡವಿ ಕಟ್ಟಿದ್ದೆಲ್ಲ ನಿಲ್ಲುತ್ತದೆಂಬ ಖಾತರಿಯಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಒಂದು ಚಿತ್ರವನ್ನು ಕಾಯಲಾಯಿತು, ಇನ್ನೊಂದು ನಿಲ್ಲಲಿಲ್ಲ. ಯಾವುದು ನಿಲ್ಲುತ್ತದೆ ಎಂದು ಮೊದಲೇ ತಿಳಿಯುವ ಉಪಾಯ ಯಾರಲ್ಲಿಯೂ ಇಲ್ಲ. ಹಾಗಾಗಿಯೇ ಕಾಯುವ ಶಕ್ತಿ ಬೇಕಾಗುವುದು.

‘ಟಾಯ್ ಸ್ಟೋರಿ’ ಬಂದು ಮೂರು ದಶಕಗಳಾಗಿವೆ. ಅಂದು 117 ಯಂತ್ರಗಳು ಬೆವರು ಸುರಿಸಿ ಮಾಡಿದ ಕೆಲಸ ಇಂದು ಸುಲಭಸಾಧ್ಯ. ಕ್ಯಾಟ್ಮಲ್ ಮತ್ತು ಪ್ಯಾಟ್ ಹ್ಯಾನ್‌ರಹಾನ್ ಅವರಿಗೆ 2019ರ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಾಗ ವಿಜ್ಞಾನಲೋಕ ಆ ವಿದ್ಯೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿತು. ಚಿತ್ರ ಬರೆಯುವ ಕೆಲಸವನ್ನು ಯಂತ್ರವೇ ಇನ್ನಷ್ಟು ವಹಿಸಿಕೊಳ್ಳುವ ದಿನಗಳಲ್ಲಿ ವೆಚ್ಚ ತಗ್ಗಬಹುದು, ವೇಗ ಹೆಚ್ಚಬಹುದು. ಆದರೆ 1993ರ ಆ ಶುಕ್ರವಾರ ಚಿತ್ರವನ್ನು ಉಳಿಸಿದ್ದು ವೇಗವಲ್ಲ. ವುಡಿ ಯಾಕೆ ಹಿಡಿಸುತ್ತಿಲ್ಲ ಎಂದು ಕೆಲವರು ಒಂದು ಕೋಣೆಯಲ್ಲಿ ಕೂತು ತಿಂಗಳುಗಟ್ಟಲೆ ಯೋಚಿಸಿದರು. ಅವರಿಗೆ ಆ ತಿಂಗಳುಗಳ ಸಂಬಳವನ್ನು ಯಾರೋ ಕೊಟ್ಟರು. ಪಿಕ್ಸಾರ್‌ನ ಮುಂದಿನ ಚರಿತ್ರೆಯನ್ನು ನಿರ್ಧರಿಸುವುದು ಆ ಎರಡು ಸಂಗತಿಗಳೇ. ಹಾಗೆ ಯೋಚಿಸುವವರನ್ನು ಸಂಸ್ಥೆ ಉಳಿಸಿಕೊಳ್ಳುತ್ತದೆಯೇ? ಅವರು ಯೋಚಿಸಿ ಮುಗಿಸುವ ತನಕ ಒಡೆಯರು ಕಾಯುತ್ತಾರೆಯೇ?